ಮನೆ ಬೆಲೆ ಬಿದ್ದಾಗ ಪ್ರಾಪರ್ಟಿ ಟ್ಯಾಕ್ಸ್ ಇಳಿಸಿಕೊಳ್ಳುವುದು ಹೇಗೆ? ಕ್ಯಾಲಿಫೋರ್ನಿಯಾದಲ್ಲಿ ಮನೆ ಇರುವವರಿಗೆ ಪ್ರಾಪ್ 8ರ ದಾರಿ

"ನಮ್ಮ ಬೀದಿಯ ಕೊನೇ ಮನೆ ಹೋದ ವರ್ಷಕ್ಕಿಂತ ಎರಡು ಲಕ್ಷ ಡಾಲರ್ ಕಡಿಮೆಗೆ ಹೋಯಿತಂತೆ. ಮತ್ತೆ ನಮ್ಮ ಟ್ಯಾಕ್ಸ್ ಯಾಕೆ ಏರಿದೆ?" ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುಕಟ್ಟೆ ಸ್ವಲ್ಪ ಜಗ್ಗಿದರೆ ಸಾಕು, ಊಟಕ್ಕೆ ಸೇರಿದ ಕಡೆಯಲ್ಲೆಲ್ಲ ಈ ಮಾತು ಬರುತ್ತದೆ. ಅರ್ಧ ಜನ ಗೊಣಗಿ ಸುಮ್ಮನಾಗುತ್ತಾರೆ. ಇನ್ನರ್ಧ ಜನ ಯಾವುದೋ ಫಾರಂ ತುಂಬಿ ಕಳಿಸಿ, ಆಗಲ್ಲ ಅಂತ ಉತ್ತರ ಬಂದಮೇಲೆ ಸುಮ್ಮನಾಗುತ್ತಾರೆ. ನಾನು ಮೊದಲು ಎರಡನೇ ಗುಂಪಿನಲ್ಲಿದ್ದೆ.

2022ರ ಏಪ್ರಿಲ್‌ನಲ್ಲಿ ಮನೆ ತಗೊಂಡವರು ನಾವು. ಕೇಳಿದ ಬೆಲೆಗಿಂತ ಜಾಸ್ತಿ ಕೊಟ್ಟು, ಹತ್ತಾರು ಆಫರ್‌ಗಳ ನಡುವೆ ಗೆದ್ದೆವು ಅಂತ ಸಿಹಿ ಹಂಚಿದೆವು. ಆ ವರ್ಷದ ಶುರುವಿನಲ್ಲಿ ಸುಮಾರು 3 ಶೇಕಡಾ ಇದ್ದ 30 ವರ್ಷದ ಸಾಲದ ಬಡ್ಡಿ ಅಕ್ಟೋಬರ್ ಹೊತ್ತಿಗೆ 7ರ ಹತ್ತಿರ ಬಂತು. ಮನೆ ಬೆಲೆಗಳು ಕೆಳಗೆ ಜಾರಿದವು. ಟ್ಯಾಕ್ಸ್ ಬಿಲ್ ಮಾತ್ರ ನಾವು ಗೆದ್ದ ಬೆಲೆಯ ಮೇಲೇ ಬಂತು, ಅದಕ್ಕೆ ಇನ್ನೂ 2 ಶೇಕಡಾ ಸೇರಿಸಿಕೊಂಡು.

ಇದನ್ನು ಸರಿಮಾಡಿಸಿಕೊಳ್ಳಲು ಕಾನೂನಿನಲ್ಲೇ ದಾರಿ ಇದೆ, ಪ್ರಾಪ್ 8 ಅಂತ ಅದರ ಹೆಸರು (ಪ್ರಾಪ್ ಅಂದರೆ ಪ್ರಾಪೊಸಿಷನ್, ಮತದಾರರೇ ಮತ ಹಾಕಿ ಪಾಸು ಮಾಡುವ ಕಾನೂನು). ಆದರೆ ಅದು "ಬೆಲೆ ಬಿದ್ದಿದೆ, ಟ್ಯಾಕ್ಸ್ ಇಳಿಸಿ" ಅನ್ನುವಷ್ಟು ಸರಳ ಅಲ್ಲ. ಒಂದೇ ಒಂದು ದಿನದ ಮಟ್ಟಿಗೆ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ನೋಡುವ ಕೆಲಸ ಇದು.

ಮೊದಲು ಆ ಎರಡು ಅಂಕಿ ಯಾವುವು ನೋಡೋಣ

1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಾಪ್ 13 ಪಾಸು ಮಾಡಿದರು. ಅದರ ಪ್ರಕಾರ ನೀವು ಮನೆ ಕೊಂಡ ದಿನದ ಬೆಲೆಯೇ ಟ್ಯಾಕ್ಸ್‌ಗೆ ಬುನಾದಿ. ಮೂಲ ಟ್ಯಾಕ್ಸ್ ದರ 1 ಶೇಕಡಾ. ಅದರ ಮೇಲೆ ಮತದಾರರು ಒಪ್ಪಿದ ಬಾಂಡ್‌ಗಳ ಸಾಲಕ್ಕೆ ಸ್ವಲ್ಪ ಸೇರುತ್ತದೆ. ಬುನಾದಿ ಬೆಲೆಯನ್ನು ವರ್ಷಕ್ಕೆ ಹೆಚ್ಚೆಂದರೆ 2 ಶೇಕಡಾ ಮಾತ್ರ ಏರಿಸಬಹುದು. ಹೀಗೆ ಏರಿಕೊಂಡು ಬಂದ ಅಂಕಿಗೆ ಅಸೆಸರ್ ಕಚೇರಿಯವರು (ಟ್ಯಾಕ್ಸ್‌ಗಾಗಿ ಮನೆಗಳ ಬೆಲೆ ಕಟ್ಟುವ ಕೌಂಟಿ ಕಚೇರಿ) ಫ್ಯಾಕ್ಟರ್ಡ್ ಬೇಸ್ ಇಯರ್ ವ್ಯಾಲ್ಯೂ ಅನ್ನುತ್ತಾರೆ. ನಾವು ಸುಲಭಕ್ಕೆ "ಪ್ರಾಪ್ 13 ಬೆಲೆ" ಅನ್ನೋಣ.

ಅದೇ ವರ್ಷ ನವೆಂಬರ್‌ನಲ್ಲಿ ಪ್ರಾಪ್ 8 ಬಂತು. ಪ್ರತಿ ವರ್ಷ ಜನವರಿ 1ರಂದು ನಿಮ್ಮ ಮನೆಯ ಮಾರುಕಟ್ಟೆ ಬೆಲೆ ಪ್ರಾಪ್ 13 ಬೆಲೆಗಿಂತ ಕಡಿಮೆ ಇದ್ದರೆ, ಆ ವರ್ಷದ ಮಟ್ಟಿಗೆ ಕಡಿಮೆ ಇರುವ ಅಂಕಿಯ ಮೇಲೇ ಟ್ಯಾಕ್ಸ್ ಹಾಕಬೇಕು ಅಂತ ಅದು ಹೇಳುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಜನವರಿ 1 ಮಾತ್ರ, ಬಿಲ್ ಬಂದ ದಿನವೂ ಅಲ್ಲ, ಅರ್ಜಿ ಹಾಕಿದ ದಿನವೂ ಅಲ್ಲ.

ಒಂದು ಲೆಕ್ಕ ಹಾಕಿ ನೋಡಿ. 2022ರ ಮೇ ತಿಂಗಳಲ್ಲಿ 16 ಲಕ್ಷ ಡಾಲರ್‌ಗೆ ಮನೆ ತಗೊಂಡಿರಿ ಅಂದುಕೊಳ್ಳಿ. 2023ರ ಜನವರಿ 1ಕ್ಕೆ ಪ್ರಾಪ್ 13 ಬೆಲೆ 2 ಶೇಕಡಾ ಏರಿ 16,32,000 ಆಯಿತು. ಆ ದಿನ ಮಾರುಕಟ್ಟೆಯಲ್ಲಿ ಅದಕ್ಕೆ 14 ಲಕ್ಷ ಬರುತ್ತಿತ್ತು. ವ್ಯತ್ಯಾಸ 2,32,000. ಎಲ್ಲ ಸೇರಿ ನಿಮ್ಮ ದರ 1.2 ಶೇಕಡಾ ಇದ್ದರೆ ಆ ವರ್ಷ ಉಳಿಯುವುದು 2,784 ಡಾಲರ್.

ಈಗ ಪಕ್ಕದ ಮನೆಯವರನ್ನು ನೋಡಿ. ಅವರು ಅಂಥದ್ದೇ ಮನೆಯನ್ನು 2010ರಲ್ಲಿ 7 ಲಕ್ಷಕ್ಕೆ ತಗೊಂಡವರು. 2023ಕ್ಕೆ ಅವರ ಪ್ರಾಪ್ 13 ಬೆಲೆ ಹೆಚ್ಚೆಂದರೆ 9 ಲಕ್ಷ ಚಿಲ್ಲರೆ. ಮಾರುಕಟ್ಟೆ 16ರಿಂದ 14ಕ್ಕೆ ಬಿದ್ದರೂ ಅವರ ಬಿಲ್‌ನಲ್ಲಿ ಒಂದು ಡಾಲರ್ ಕೂಡ ಇಳಿಯುವುದಿಲ್ಲ. ಅವರು ಅರ್ಜಿ ಹಾಕುವುದು ವ್ಯರ್ಥ. ನಿಮಗಿಂತ ಅವರ ಟ್ಯಾಕ್ಸ್ ಎಷ್ಟು ಕಡಿಮೆ ಅಂತ ಹೊಟ್ಟೆ ಉರಿಸಿಕೊಳ್ಳುವುದೂ ವ್ಯರ್ಥ. "ಒಂದೇ ತರಹದ ಮನೆ, ಅವರಿಗೆ ಕಡಿಮೆ ಟ್ಯಾಕ್ಸ್" ಅನ್ನುವುದು ಇಲ್ಲಿ ವಾದವೇ ಅಲ್ಲ.

ಅಂದರೆ ಇದು ಬಹುಪಾಲು ಈಚೆಗೆ, ಬೆಲೆ ಮೇಲಿದ್ದಾಗ ಕೊಂಡವರಿಗೆ ಸಿಗುವ ಪರಿಹಾರ. ನೀವು ಆ ಪೈಕಿ ಇದ್ದರೆ ಮುಂದೆ ಓದಿ.

ನಿಮ್ಮ ಅಂಕಿ ಎಲ್ಲಿದೆ?

ಹಲವು ಕೌಂಟಿಗಳು ಬೇಸಿಗೆಯಲ್ಲಿ ಒಂದು ನೋಟಿಸ್ ಕಳಿಸುತ್ತವೆ. ಅದರಲ್ಲಿ ಅಸೆಸ್ಡ್ ವ್ಯಾಲ್ಯೂ, ಅಂದರೆ ಟ್ಯಾಕ್ಸ್‌ಗೆ ಅವರು ಹಿಡಿದ ಬೆಲೆ ಇರುತ್ತದೆ. ನೋಡಲು ಜಾಹೀರಾತಿನ ಕಾರ್ಡ್‌ನಂತೆ ಇದ್ದು ಕಸದ ಬುಟ್ಟಿಗೆ ಹೋಗಿರುವ ಸಾಧ್ಯತೆ ಜಾಸ್ತಿ. ಸಿಗದಿದ್ದರೆ ಅಸೆಸರ್ ವೆಬ್‌ಸೈಟ್‌ನಲ್ಲಿ ಪಾರ್ಸೆಲ್ ನಂಬರ್ (ನಿಮ್ಮ ಜಾಗದ ಗುರುತಿನ ಸಂಖ್ಯೆ) ಹಾಕಿ ಹುಡುಕಿ. ಹಳೇ ಟ್ಯಾಕ್ಸ್ ಬಿಲ್‌ನ ಮೇಲ್ಭಾಗದಲ್ಲೇ ಪಾರ್ಸೆಲ್ ನಂಬರ್ ಇರುತ್ತದೆ.

ಜಮೀನಿಗೆ ಒಂದು ಅಂಕಿ, ಕಟ್ಟಡಕ್ಕೆ ಒಂದು ಅಂಕಿ ಅಂತ ಎರಡು ಸಾಲು ಕಾಣುತ್ತವೆ. "ಜಮೀನಿಗೆ ಇಷ್ಟೊಂದು ಹಾಕಿದ್ದಾರಲ್ಲ" ಅಂತ ಅದೊಂದನ್ನೇ ಹಿಡಿದು ಜಗ್ಗಬೇಡಿ. ಮನೆಯ ವಿಷಯದಲ್ಲಿ ಮುಖ್ಯವಾಗುವುದು ಎರಡೂ ಕೂಡಿದ ಮೊತ್ತ.

ಬಿಲ್‌ನ ಕೆಳಗೆ ಮೆಲ್ಲೊ-ರೂಸ್ (ಬಡಾವಣೆಯ ಸೌಕರ್ಯಗಳಿಗೆ ಹಾಕುವ ವಿಶೇಷ ಟ್ಯಾಕ್ಸ್), ಶಾಲೆಯ ಪಾರ್ಸೆಲ್ ಟ್ಯಾಕ್ಸ್, ಚರಂಡಿಯ ಶುಲ್ಕ ಮುಂತಾದ ಸಾಲುಗಳಿದ್ದರೆ ಅವು ಬೇರೆ ಲೆಕ್ಕ. ಮನೆಯ ಬೆಲೆಗೂ ಅವಕ್ಕೂ ಸಂಬಂಧವಿಲ್ಲ. ಪ್ರಾಪ್ 8 ಸಿಕ್ಕರೂ ಅವು ಹಾಗೇ ಉಳಿಯುತ್ತವೆ. ಹೊಸ ಬಡಾವಣೆಗಳಲ್ಲಿ ಈ ಭಾಗವೇ ದೊಡ್ಡದಿರುತ್ತದೆ. ಹಾಗಾಗಿ ಒಟ್ಟು ಬಿಲ್ ನೋಡಿ ಉಳಿತಾಯದ ಕನಸು ಕಾಣಬೇಡಿ.

ಜನವರಿ 1ರ ಬೆಲೆ ಹುಡುಕುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಾನು ಮೊದಲ ಸಲ ಎಡವಿದ್ದೂ ಇಲ್ಲೇ.

ಮನೆ ಮಾರಾಟದ ವೆಬ್‌ಸೈಟ್ ಝಿಲೋದಲ್ಲಿ ನಮ್ಮ ಮನೆಗೆ ತೋರಿಸಿದ ಅಂದಾಜಿನ ಪ್ರಿಂಟ್ ತೆಗೆದೆ. ಜೊತೆಗೆ ನಮ್ಮ ಬೀದಿಯಲ್ಲಿ ಮೇ ತಿಂಗಳಲ್ಲಿ ಕಡಿಮೆಗೆ ಹೋದ ಒಂದು ಮನೆಯ ವಿವರ ಹಾಕಿದೆ. ಎರಡನ್ನೂ ಕಳಿಸಿ ನಿಶ್ಚಿಂತೆಯಾಗಿದ್ದೆ. ಕೆಲವು ವಾರದ ನಂತರ ನಾಲ್ಕು ಸಾಲಿನ ಪತ್ರ ಬಂತು. ಬೆಲೆ ಬದಲಿಸಲು ಆಧಾರ ಸಾಲದು, ಅಷ್ಟೇ. ಸಿಟ್ಟು ಬಂತು. ಆಮೇಲೆ ಕೂತು ನಿಯಮ ಓದಿದೆ. ತಪ್ಪು ನನ್ನದೇ.

ಕಂಪ್ಯೂಟರ್ ಹಾಕಿಕೊಡುವ ಅಂದಾಜು ಸಾಕ್ಷಿ ಅಲ್ಲ. ನಿಜವಾಗಿ ನಡೆದ ಮಾರಾಟಗಳು ಬೇಕು. ಅದೂ ಜನವರಿ 1ರ ಆಸುಪಾಸಿನವು. ಜನವರಿ 1ರ ನಂತರ 90 ದಿನಕ್ಕಿಂತ ತಡವಾಗಿ ನಡೆದ ಮಾರಾಟವನ್ನು ನೋಡುವಂತೆಯೇ ಇಲ್ಲ, ಕಾನೂನಿನಲ್ಲೇ ಹಾಗಿದೆ. ಅಂದರೆ ಹೆಚ್ಚುಕಡಿಮೆ ಮಾರ್ಚ್ 31ಕ್ಕೆ ಬಾಗಿಲು ಮುಚ್ಚಿತು. ನನ್ನ ಮೇ ತಿಂಗಳ ಮನೆ ಎಷ್ಟು ಚೆನ್ನಾಗಿ ಹೊಂದಿದರೂ ಪ್ರಯೋಜನವಿರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ದಾಖಲೆಯಲ್ಲಿ ಕಾಣುವುದು ಕ್ಲೋಸಿಂಗ್ ಆದ ದಿನ, ಅಂದರೆ ಮಾರಾಟ ಮುಗಿದು ಮನೆ ಕೈಬದಲಾದ ದಿನ. ಬೆಲೆ ಕುದುರಿದ್ದು ಅದಕ್ಕಿಂತ ಸುಮಾರು ಒಂದು ತಿಂಗಳು ಮೊದಲು. ಫೆಬ್ರವರಿ ಶುರುವಿನಲ್ಲಿ ಕ್ಲೋಸ್ ಆದ ಮನೆಯ ಬೆಲೆ ಜನವರಿ ಶುರುವಿನ ಮಾರುಕಟ್ಟೆಯನ್ನು ಹೇಳುತ್ತದೆ. ಸೆಪ್ಟೆಂಬರ್‌ನಲ್ಲಿ ಕ್ಲೋಸ್ ಆದದ್ದು ಆಗಸ್ಟಿನ ಕತೆ ಹೇಳುತ್ತದೆ. ಮಾರುಕಟ್ಟೆ ಬೀಳುತ್ತಿರುವಾಗ ಈ ಫರಕು ಸಣ್ಣದಲ್ಲ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕ್ಲೋಸ್ ಆದ ಮನೆಗಳನ್ನು ಮೊದಲು ಹುಡುಕಿ. ಸಿಗದಿದ್ದರೆ ಮಾತ್ರ ಹಿಂದಿನ ಶರತ್ಕಾಲಕ್ಕೆ ಹೋಗಿ.

ರೆಡ್‌ಫಿನ್, ಝಿಲೋದಲ್ಲಿ "ಸೋಲ್ಡ್" ಅಂತ ಆರಿಸಿ, ತಾರೀಖು ಹಾಕಿ ನೋಡಬಹುದು. ಗೊತ್ತಿರುವ ರಿಯಲ್ಟರ್ (ಮನೆ ಮಾರಾಟದ ಏಜೆಂಟ್) ಇದ್ದರೆ ಅವರೆಲ್ಲ ಹಂಚಿಕೊಳ್ಳುವ ಮಾರಾಟಗಳ ಎಂಎಲ್‌ಎಸ್ ಪಟ್ಟಿ ತೆಗೆದುಕೊಡುತ್ತಾರೆ, ಅದು ಇನ್ನೂ ಚೆನ್ನ. ಸಂಬಂಧಿಕರ ನಡುವಿನ ಮಾರಾಟ, ಬ್ಯಾಂಕು ಜಪ್ತಿ ಮಾಡಿ ಹರಾಜು ಹಾಕಿದ ಮನೆ ಬೇಡ. ಅವು ಎಷ್ಟು ಅಗ್ಗವಾಗಿ ಕಂಡರೂ ಬೇಡ.

ಎರಡನೇ ಸಲ ನಾನು ಮೂರೇ ಮನೆ ಇಟ್ಟುಕೊಂಡೆ. ನಮ್ಮದು ಮೂರು ಬೆಡ್‌ರೂಮು, ಎರಡು ಬಾತ್‌ರೂಮು, 1,480 ಚದರಡಿ. ಮೊದಲನೆಯದು ಎರಡು ಬೀದಿ ಆಚೆ, 1,540 ಚದರಡಿ, ಡಿಸೆಂಬರ್‌ನಲ್ಲಿ ಕ್ಲೋಸ್ ಆದದ್ದು. ನಮ್ಮದಕ್ಕಿಂತ ಸ್ವಲ್ಪ ದೊಡ್ಡದು, ಆದರೂ ನಮ್ಮ ಅಸೆಸ್‌ಮೆಂಟಿಗಿಂತ ಕಡಿಮೆಗೆ ಹೋಗಿತ್ತು. ಇಂಥದ್ದು ಸಿಕ್ಕರೆ ಬಿಡಬೇಡಿ. ದೊಡ್ಡ ಮನೆಯೇ ಅಷ್ಟಕ್ಕೆ ಹೋಗಿದ್ದರೆ ಚಿಕ್ಕದಕ್ಕೆ ಜಾಸ್ತಿ ಹೇಗೆ ಬರುತ್ತದೆ, ಅಲ್ವಾ? ಎರಡನೆಯದರಲ್ಲಿ ಅಡುಗೆಮನೆ ಹೊಸದು, ನಮ್ಮದು ಕಟ್ಟಿದ ಕಾಲದ್ದು, ಅದಕ್ಕಾಗಿ ಅದರ ಬೆಲೆಯಿಂದ ಒಂದಿಷ್ಟು ಕಳೆದೆ. ಮೂರನೆಯದು ಫೆಬ್ರವರಿಯದು, ಅಳತೆ ನಮ್ಮದರಷ್ಟೇ. ಆದರೆ ಹಿತ್ತಿಲ ಗೋಡೆಯ ಆಚೆ ದೊಡ್ಡ ರಸ್ತೆ. ಆ ರಸ್ತೆಯ ವಿಷಯವನ್ನು ನಾನೇ ಬರೆದು, ಅದಕ್ಕಾಗಿ ಬೆಲೆಗೆ ಸ್ವಲ್ಪ ಸೇರಿಸಿದೆ. ಮುಚ್ಚಿಟ್ಟರೆ ಅಸೆಸರ್ ಕಡೆಯವರು ಒಂದೇ ನಿಮಿಷದಲ್ಲಿ ಮ್ಯಾಪ್ ತೆರೆದು ತೋರಿಸುತ್ತಾರೆ. ಆಮೇಲೆ ಉಳಿದ ಎರಡು ಮನೆಯ ಮೇಲೂ ನಂಬಿಕೆ ಹೋಗುತ್ತದೆ.

ಚದರಡಿಗೆ ಇಷ್ಟು ಅಂತ ಗುಣಿಸಿಬಿಡುವ ಚಟ ನಮಗೆಲ್ಲ ಇದೆ. ಇಲ್ಲಿ ಅದು ಕೈಕೊಡುತ್ತದೆ. ಚಿಕ್ಕ ಮನೆಗಳಿಗೆ ಚದರಡಿ ದರ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಯಾಕೆಂದರೆ ಬೆಲೆಯ ದೊಡ್ಡ ಪಾಲು ಕೆಳಗಿನ ಜಾಗದ್ದು. ಅಳತೆ, ಸೈಟು, ಬಾತ್‌ರೂಮು, ಗ್ಯಾರೇಜು, ಮನೆಯ ಸ್ಥಿತಿ ಎಲ್ಲ ಹತ್ತಿರವಿರುವ ಮೂರು ಮನೆ, ಹೇಗೋ ಆರಿಸಿದ ಹತ್ತು ಮನೆಗಿಂತ ಮೇಲು. ಕಾಂಡೊ ಆದರೆ ಅದೇ ಕಟ್ಟಡದ ಮಾರಾಟಗಳೇ ಚೆನ್ನ. ನಿಮ್ಮ ಮನೆಯ ಕುಂದುಗಳ ಫೋಟೊ ಹಾಕಿ: ಸೋರುವ ಚಾವಣಿ, ಬಿರುಕು ಬಿಟ್ಟ ತಳಪಾಯ, ರಿಪೇರಿಗೆ ಕಂಟ್ರಾಕ್ಟರ್ ಕೊಟ್ಟ ಅಂದಾಜು. ಅವು ಜನವರಿ 1ಕ್ಕೆ ಇದ್ದವೇ ಆಗಿರಬೇಕು.

ಮೊದಲು ಸುಮ್ನೆ ಕೇಳಿ

ನೇರ ಅಪೀಲಿಗೆ ಹಾರಬೇಡಿ. ಹೆಚ್ಚಿನ ಕೌಂಟಿಗಳಲ್ಲಿ ಅಸೆಸರ್ ಕಚೇರಿಗೇ "ನಮ್ಮ ಮನೆ ಬೆಲೆ ಮತ್ತೊಮ್ಮೆ ನೋಡಿ" ಅಂತ ಕೇಳುವ ಅವಕಾಶ ಇದೆ. ಡಿಕ್ಲೈನ್ ಇನ್ ವ್ಯಾಲ್ಯೂ ರಿವ್ಯೂ ಅಂತ ಅದರ ಹೆಸರು. ಒಂದು ಪುಟದ ಫಾರಂ ಅಥವಾ ಆನ್‌ಲೈನ್ ಅರ್ಜಿ, ದುಡ್ಡು ಕೊಡಬೇಕಿಲ್ಲ. ಮೂರು ಮನೆಯ ವಿವರ ಹಾಕಿ ಕಳಿಸಿದರೆ ಕೆಲಸ ಮುಗಿಯಿತು.

ತೊಂದರೆ ಏನೆಂದರೆ, ಇದರ ಗಡುವು ಒಂದೊಂದು ಕೌಂಟಿಗೆ ಒಂದೊಂದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾರ್ಚ್ 31ಕ್ಕೇ ಮುಗಿಯುತ್ತದೆ. ಆರೆಂಜ್ ಕೌಂಟಿಯಲ್ಲಿ ಏಪ್ರಿಲ್ 30. ಸಾಂಟಾ ಕ್ಲಾರಾದಲ್ಲಿ ಆಗಸ್ಟ್ 1. ಲಾಸ್ ಏಂಜಲೀಸ್‌ನಲ್ಲಿ ಜುಲೈ 2ರಿಂದ ನವೆಂಬರ್ 30. ಪಕ್ಕದ ಕೌಂಟಿಯ ಗೆಳೆಯ ಹೇಳಿದ ತಾರೀಖು ನಂಬಿ ಕೂತರೆ ಮೋಸಹೋಗುತ್ತೀರಿ. ಆ ವರ್ಷದ ತಾರೀಖನ್ನು ನಿಮ್ಮ ಅಸೆಸರ್ ಪುಟದಲ್ಲೇ ನೋಡಿಕೊಳ್ಳಿ.

ಎಷ್ಟೋ ಸಲ ನೀವು ಕೇಳದೆಯೇ ಇಳಿಸಿರುತ್ತಾರೆ. 2008ರ ಕುಸಿತದ ನಂತರದ ವರ್ಷಗಳಲ್ಲಿ ಅಸೆಸರ್‌ಗಳು ತಾವಾಗಿಯೇ ರಾಶಿ ರಾಶಿ ಮನೆಗಳ ಬೆಲೆ ಇಳಿಸಿದ್ದರು. ಆದ್ದರಿಂದ ಅರ್ಜಿಗೆ ಮುಂಚೆ ನೋಟಿಸ್ ನೋಡಿ.

ಮನೆ ಕೊಂಡ ಹೊಸತರಲ್ಲಿ ಅಂಚೆಯಲ್ಲಿ ಬರುವ ಕಾಗದಗಳ ಬಗ್ಗೆ ಒಂದು ಮಾತು. "ಪ್ರಾಪರ್ಟಿ ಟ್ಯಾಕ್ಸ್ ರಿಡಕ್ಷನ್" ಅಂತ ತಲೆಬರಹ, ಸರ್ಕಾರದ್ದೇ ಅನ್ನುವಂಥ ಮುದ್ರೆ, ಇಂಥ ತಾರೀಖಿನೊಳಗೆ ಇಷ್ಟು ಡಾಲರ್ ಕಟ್ಟಿ ಅನ್ನುವ ಅವಸರ. ಅದು ಸರ್ಕಾರದ ಪತ್ರ ಅಲ್ಲ, ಖಾಸಗಿಯವರದು. ನೀವು ಪುಕ್ಕಟೆ ಮಾಡಬಹುದಾದ ಕೆಲಸಕ್ಕೆ ಅವರು ದುಡ್ಡು ಕೇಳುತ್ತಾರೆ. ಸಣ್ಣ ಅಕ್ಷರದಲ್ಲಿ "ನಾವು ಸರ್ಕಾರಿ ಸಂಸ್ಥೆ ಅಲ್ಲ" ಅಂತ ಎಲ್ಲೋ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಹುಡುಕಿ.

ಒಪ್ಪದಿದ್ದರೆ ಅಪೀಲು

ಅಪೀಲು ಹೋಗುವುದು ಅಸೆಸರ್ ಬಳಿಗಲ್ಲ, ಅಸೆಸ್‌ಮೆಂಟ್ ಅಪೀಲ್ಸ್ ಬೋರ್ಡಿಗೆ. ಅದು ಬೇರೆಯೇ ಸಂಸ್ಥೆ. ಅಸೆಸರ್ ಅಲ್ಲಿ ನಿಮ್ಮ ಎದುರು ನಿಲ್ಲುವ ಪಕ್ಷ. ಫಾರಂ ಹೆಸರು ಬಿಒಇ-305-ಎಎಚ್, ಬೋರ್ಡಿನ ಕ್ಲರ್ಕ್ ಕಚೇರಿಯಲ್ಲಿ ಸಿಗುತ್ತದೆ. ಕೆಲವು ಕೌಂಟಿಗಳು ಸಣ್ಣ ಶುಲ್ಕ ತಗೊಳ್ಳುತ್ತವೆ.

ಜುಲೈ 2ರಿಂದ ಅರ್ಜಿ ಹಾಕಬಹುದು. ಕೊನೇ ದಿನ ಕೆಲವು ಕೌಂಟಿಗಳಲ್ಲಿ ಸೆಪ್ಟೆಂಬರ್ 15, ಉಳಿದವುಗಳಲ್ಲಿ ನವೆಂಬರ್ 30. ಆಗಸ್ಟ್ 1ರೊಳಗೆ ಎಲ್ಲರಿಗೂ ಬೆಲೆಯ ನೋಟಿಸ್ ಕಳಿಸುವ ಕೌಂಟಿಗಳಿಗೆ ಸೆಪ್ಟೆಂಬರ್. ಸಾಂಟಾ ಕ್ಲಾರಾ, ಅಲಮೀಡಾ, ಸ್ಯಾನ್ ಫ್ರಾನ್ಸಿಸ್ಕೊ ಈ ಗುಂಪಿನವು. ಲಾಸ್ ಏಂಜಲೀಸ್, ಆರೆಂಜ್, ಸ್ಯಾನ್ ಡಿಯಾಗೊ ನವೆಂಬರ್‌ನವು. ಈ ಗಡುವು ಒಂದು ದಿನ ತಪ್ಪಿದರೂ ಆ ವರ್ಷದ ಆಟ ಮುಗಿದಂತೆ. ಅಸೆಸರ್ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿ ಅಂತ ಕಾಯುತ್ತ ಇದನ್ನು ಕಳೆದುಕೊಂಡವರು ನನಗೇ ಇಬ್ಬರು ಗೊತ್ತು. ಗಡುವು ಹತ್ತಿರ ಬಂದರೆ ಅಪೀಲು ಹಾಕಿಬಿಡಿ. ಮೊದಲ ದಾರಿಯಲ್ಲೇ ಕೆಲಸವಾದರೆ ಆಮೇಲೆ ವಾಪಸ್ ತಗೊಳ್ಳಬಹುದು.

ಫಾರಂನಲ್ಲಿ ಮೂರು ಜಾಗ ಜೋಪಾನ. ಕಾರಣ ಅನ್ನುವಲ್ಲಿ ಡಿಕ್ಲೈನ್ ಇನ್ ವ್ಯಾಲ್ಯೂ ಗುರುತು ಮಾಡಿ. ನಿಮ್ಮ ಪ್ರಕಾರ ಬೆಲೆ ಎಷ್ಟು ಅನ್ನುವ ಖಾನೆ ಖಾಲಿ ಬಿಡಬೇಡಿ, ಬಿಟ್ಟರೆ ಅರ್ಜಿ ಅಪೂರ್ಣ. ಹಾಗಂತ ಬಾಯಿಗೆ ಬಂದ ಅಂಕಿಯೂ ಬೇಡ, ನಿಮ್ಮ ಮೂರು ಮನೆ ಹೇಳುವ ಬೆಲೆಯನ್ನೇ ಬರೆಯಿರಿ. ಎರಡು ವರ್ಷದೊಳಗೆ ಬೋರ್ಡು ತೀರ್ಮಾನ ಕೊಡದಿದ್ದರೆ, ನೀವು ಆ ಗಡುವು ಬಿಟ್ಟುಕೊಟ್ಟಿಲ್ಲದಿದ್ದರೆ, ಸಾಮಾನ್ಯವಾಗಿ ನೀವು ಬರೆದ ಬೆಲೆಯೇ ನಿಲ್ಲುತ್ತದೆ. ಹಾಗಾಗಿಯೇ ಕೆಲವು ಸಲ ಆ ಗಡುವು ಬಿಟ್ಟುಕೊಡಲು ಸಹಿ ಹಾಕಿ ಅಂತ ಕಾಗದ ಬರುತ್ತದೆ. ಓದದೆ ಸಹಿ ಹಾಕಬೇಡಿ. ಮೂರನೆಯದು, ಈ ಅರ್ಜಿಯನ್ನೇ ರೀಫಂಡ್ ಕ್ಲೇಮ್ ಅಂತ ಪರಿಗಣಿಸಬೇಕೇ ಅನ್ನುವ ಪ್ರಶ್ನೆಗೆ "ಹೌದು" ಅನ್ನಿ.

ಅಪೀಲು ಬಾಕಿ ಇದೆ ಅಂತ ಬಿಲ್ ಕಟ್ಟದೆ ಕೂರಬೇಡಿ. ಮೊದಲ ಕಂತು ಡಿಸೆಂಬರ್ 10, ಎರಡನೆಯದು ಏಪ್ರಿಲ್ 10. ತಪ್ಪಿದರೆ 10 ಶೇಕಡಾ ದಂಡ, ಅಪೀಲು ಗೆದ್ದರೆ ಉಳಿಯುವುದಕ್ಕಿಂತ ಇದೇ ಜಾಸ್ತಿ ಆಗಬಹುದು. ಪೂರ್ತಿ ಕಟ್ಟಿ, ಗೆದ್ದರೆ ವಾಪಸ್ ಬರುತ್ತದೆ.

ಬೋರ್ಡಿನ ಮುಂದೆ

ಅನೇಕ ಅರ್ಜಿಗಳು ಅಲ್ಲಿಯವರೆಗೂ ಹೋಗುವುದಿಲ್ಲ. ಅಸೆಸರ್ ಕಚೇರಿಯಲ್ಲಿ ಬೆಲೆ ಕಟ್ಟುವ ಅಪ್ರೈಸರ್ ಫೋನ್ ಮಾಡುತ್ತಾರೆ. ನನಗೂ ಹಾಗೇ ಬಂತು, ಮಧ್ಯಾಹ್ನ ಆಫೀಸಿನಲ್ಲಿದ್ದಾಗ. ನನ್ನ ಮೂರು ಮನೆಗಳಲ್ಲಿ ಎರಡನ್ನು ಆಕೆ ಒಪ್ಪಿದರು. ಹೊಸ ಅಡುಗೆಮನೆಗೆ ನಾನು ಕಳೆದ ಮೊತ್ತ ಅತಿಯಾಯಿತು ಅಂದರು, ನಿಜವೇ. ನಾನು ಕೇಳಿದ್ದಕ್ಕಿಂತ ಸ್ವಲ್ಪ ಮೇಲೆ ಒಂದು ಅಂಕಿಗೆ ಬಂದು ನಿಂತೆವು. ಸ್ಟಿಪ್ಯುಲೇಶನ್ ಅಂತ, ಈ ಬೆಲೆಗೆ ಇಬ್ಬರೂ ಒಪ್ಪಿದ್ದೇವೆ ಅನ್ನುವ ಒಂದು ಕಾಗದ ಕಳಿಸಿದರು, ಸಹಿ ಹಾಕಿದೆ, ಬೋರ್ಡು ಒಪ್ಪಿತು. ಆ ಫೋನ್ ಬಂದಾಗ ನಿಮ್ಮ ಲೆಕ್ಕದ ಹಾಳೆ ಕೈಗೆ ಸಿಗುವಂತಿರಲಿ.

ಹಾಗೆ ಮುಗಿಯದೆ ವಿಚಾರಣೆಗೆ ಕರೆದರೆ ಹೋಗಲೇಬೇಕು. ಹೋಗದಿದ್ದರೆ ಅರ್ಜಿ ವಜಾ. ಮೂರು ಜನರ ಬೋರ್ಡು ಅಥವಾ ಒಬ್ಬ ಹಿಯರಿಂಗ್ ಆಫೀಸರ್ ಇರುತ್ತಾರೆ. ಪ್ರಮಾಣ ಮಾಡಿಸುತ್ತಾರೆ, ಆದರೆ ಸಿನಿಮಾದ ಕೋರ್ಟಿನಂತೆ ಏನೂ ಇರುವುದಿಲ್ಲ. ನೀವೇ ವಾಸವಿರುವ, ಒಂದೇ ಕುಟುಂಬದ ಮನೆ ಆಗಿದ್ದು, ಕೇಳಿದ ಮಾಹಿತಿಯನ್ನೆಲ್ಲ ಕೊಟ್ಟಿದ್ದರೆ, ತಮ್ಮ ಬೆಲೆ ಸರಿ ಅಂತ ತೋರಿಸುವ ಹೊಣೆ ಅಸೆಸರ್ ಮೇಲಿರುತ್ತದೆ ಮತ್ತು ಮೊದಲು ಮಾತಾಡುವುದೂ ಅವರೇ. ಬಾಡಿಗೆಗೆ ಕೊಟ್ಟ ಮನೆಯಾದರೆ ಆ ಹೊಣೆ ನಿಮ್ಮದು. ಹಾಳೆಗಳ ಐದಾರು ಪ್ರತಿ ಒಯ್ಯಿರಿ. ಬಡ್ಡಿ, ಕೆಲಸ ಹೋದದ್ದು, ಮಕ್ಕಳ ಕಾಲೇಜು ಖರ್ಚು ಯಾವುದನ್ನೂ ಎತ್ತಬೇಡಿ. ಅವರಿಗೆ ಬೇಕಿರುವುದು ಜನವರಿ 1ರಂದು ಆ ಮನೆಗೆ ಎಷ್ಟು ಬರುತ್ತಿತ್ತು ಅನ್ನುವುದು ಮಾತ್ರ.

ಬೋರ್ಡು ಬೆಲೆಯನ್ನು ಏರಿಸಲೂಬಹುದು. ನಿಮ್ಮ ಅಸೆಸ್‌ಮೆಂಟ್ ಈಗಾಗಲೇ ಪ್ರಾಪ್ 13 ಬೆಲೆಯಲ್ಲೇ ಇದ್ದರೆ ಅದರ ಮೇಲೆ ಹೋಗುವಂತಿಲ್ಲ, ಹೆದರಿಕೆ ಇಲ್ಲ. ಆದರೆ ಅಸೆಸರ್ ಈಗಾಗಲೇ ಸ್ವಲ್ಪ ಇಳಿಸಿದ್ದು, ಇನ್ನೂ ಇಳಿಸಿ ಅಂತ ಹೋಗಿದ್ದರೆ ಯೋಚಿಸಿ.

ಮರುವರ್ಷದ ಶಾಕ್

ಪ್ರಾಪ್ 8 ತಾತ್ಕಾಲಿಕ. ಒಮ್ಮೆ ಇಳಿಸಿದ ಮೇಲೆ ಪ್ರತಿ ಜನವರಿ 1ಕ್ಕೆ ಅಸೆಸರ್ ಮತ್ತೆ ನೋಡುತ್ತಾರೆ. ಮಾರುಕಟ್ಟೆ ಚೇತರಿಸಿಕೊಂಡರೆ ಬೆಲೆ ಮೇಲೆ ಬರುತ್ತದೆ, ಆಗ 2 ಶೇಕಡಾ ಮಿತಿ ಅನ್ವಯಿಸುವುದಿಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸಿ: 14 ಲಕ್ಷಕ್ಕೆ ಇಳಿಸಿದ ಮನೆ 2024ರ ಜನವರಿಗೆ 15,60,000 ಬಾಳುತ್ತಿದ್ದರೆ ಅಷ್ಟಕ್ಕೇ ಏರಿಸುತ್ತಾರೆ. ಒಂದೇ ವರ್ಷದಲ್ಲಿ 11 ಶೇಕಡಾ ದಾಟಿತು. ಕಾನೂನು ಮುರಿದಿಲ್ಲ, ಯಾಕೆಂದರೆ ಆ ವರ್ಷದ ಪ್ರಾಪ್ 13 ಬೆಲೆ 16,64,640, ಅದರ ಒಳಗೇ ಇದೆ. ಆ ಗೆರೆ ಮುಟ್ಟಿದ ಮೇಲೆ ಮತ್ತೆ 2 ಶೇಕಡಾದ ಲೆಕ್ಕ. ಒಂದು ವರ್ಷದ ಅಪೀಲು ಆ ವರ್ಷಕ್ಕೆ ಮಾತ್ರ. ಅದು ಇನ್ನೂ ಬಾಕಿ ಇರುವಾಗಲೇ ಮುಂದಿನ ವರ್ಷದ ಬಿಲ್‌ಗೂ ತಕರಾರಿದ್ದರೆ ಬೇರೆ ಅರ್ಜಿ ಹಾಕಿ.

ಟ್ಯಾಕ್ಸ್ ಎಸ್ಕ್ರೋದಿಂದ (ಸಾಲದ ಕಂತಿನ ಜೊತೆ ಟ್ಯಾಕ್ಸ್ ದುಡ್ಡು ಕೂಡಿಡುವ ಖಾತೆ) ಹೋಗುತ್ತಿದ್ದರೆ ಬೆಲೆ ಇಳಿದ ಪತ್ರವನ್ನು ಸಾಲ ಕೊಟ್ಟವರಿಗೆ ಕಳಿಸಿ, ಎಸ್ಕ್ರೋ ಮತ್ತೆ ಲೆಕ್ಕ ಹಾಕಿ ಅಂತ ಕೇಳಿ. ಇಲ್ಲದಿದ್ದರೆ ಹಳೇ ಕಂತೇ ತಿಂಗಳುಗಟ್ಟಲೆ ಕಡಿತವಾಗುತ್ತದೆ.

ಇದಕ್ಕೆ ಸೇರದವು

ಬೆಂಕಿ, ನೆರೆ, ಭೂಕಂಪದಿಂದ ಮನೆಗೆ 10,000 ಡಾಲರ್ ಅಥವಾ ಅದಕ್ಕೂ ಜಾಸ್ತಿ ಹಾನಿಯಾದರೆ ಅದು ಪ್ರಾಪ್ 8 ಅಲ್ಲ. ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್, ಈಟನ್ ಬೆಂಕಿ ಶುರುವಾದದ್ದು 2025ರ ಜನವರಿ 7ಕ್ಕೆ, ಅಂದರೆ ಆ ವರ್ಷದ ಲೆಕ್ಕದ ದಿನ ದಾಟಿ ಆರು ದಿನಕ್ಕೆ. ಪ್ರಾಪ್ 8ರ ಕಣ್ಣಿಗೆ ಆ ಮನೆಗಳು ಜನವರಿ 1ರಂದು ಗಟ್ಟಿಯಾಗಿ ನಿಂತಿದ್ದವು. ಇಂಥದ್ದಕ್ಕೆ ಮಿಸ್‌ಫಾರ್ಚೂನ್ ಆರ್ ಕ್ಯಾಲಮಿಟಿ ಅನ್ನುವ ಬೇರೆ ಅರ್ಜಿ ಇದೆ, ಹಾನಿಯಾದ 12 ತಿಂಗಳೊಳಗೆ ಅಸೆಸರ್‌ಗೆ ಕೊಡಬೇಕು.

ಕೊಂಡ ದಿನದ ಬೆಲೆಯನ್ನೇ ತಪ್ಪಾಗಿ ಹಾಕಿದ್ದಾರೆ ಅನಿಸಿದರೆ ಅದೂ ಬೇರೆ. ಮನೆ ಕೊಂಡ ಮೇಲೆ ಹೊಸ ಬೆಲೆ ತಿಳಿಸುವ ಸಪ್ಲಿಮೆಂಟಲ್ ನೋಟಿಸ್ ಕಳಿಸಿದ ತಾರೀಖಿನಿಂದ 60 ದಿನದೊಳಗೆ ಅಪೀಲು ಹಾಕಿ. ನೀವೇ ವಾಸವಿದ್ದೂ ಹೋಮ್‌ಓನರ್ಸ್ ಎಕ್ಸೆಂಪ್ಶನ್ ತಗೊಂಡಿಲ್ಲವಾದರೆ ಅದನ್ನೂ ಈಗಲೇ ಮಾಡಿ. ಅಸೆಸ್ಡ್ ವ್ಯಾಲ್ಯೂನಿಂದ 7,000 ಡಾಲರ್ ಕಳೆಯುತ್ತಾರೆ, ಉಳಿಯುವುದು ವರ್ಷಕ್ಕೆ 70 ಡಾಲರ್ ಅಷ್ಟೇ. ಆದರೆ ಫೆಬ್ರವರಿ 15ರೊಳಗೆ ಒಂದು ಸಲ ಫಾರಂ ಕೊಟ್ಟರೆ ಸಾಕು, ಆ ಮನೆಯಲ್ಲಿ ಇರುವವರೆಗೆ ಮತ್ತೆ ಕೇಳುವುದಿಲ್ಲ.